ಮೂರನೇ ಬೆರಳಿನ ಪಟ್ಟಿ

ಫೆಬ್ರವರಿ 6, ಮಂಗಳವಾರ

ಎಡಗೈಯಲ್ಲಿ ಮಗು, ಬಲಗೈಯಲ್ಲಿ ಪೆನ್ನು. ಅಕ್ಷರ ಕೋಳಿಕಾಲಾದರೆ ಆಗಲಿ. ಓದುವವಳು ನಾನೊಬ್ಬಳೇ, ನನಗೂ ಪುರಸೊತ್ತಿಲ್ಲ.

ಇದು ಹುಟ್ಟಿ ಹನ್ನೊಂದು ವಾರ. ಒಟ್ಟಿಗೆ ಎರಡು ಗಂಟೆಗಿಂತ ಹೆಚ್ಚು ನಿದ್ದೆ ಮಾಡಿಯೂ ಹನ್ನೊಂದು ವಾರ. ಇವನು, ನನ್ನ ಗಂಡ, ಬೆಳಗ್ಗೆ ಆರಕ್ಕೇ ಲಿಫ್ಟ್ ರಿಪೇರಿಗೆ ಓಡುತ್ತಾನೆ. "ಲಿಫ್ಟಲ್ಲಿ ಯಾರಾದ್ರೂ ಸಿಕ್ಕಿಹಾಕ್ಕೊಂಡ್ರೆ ನಾನೇ ಹೋಗ್ಬೇಕು ಕಣೇ" ಅನ್ನುತ್ತಾನೆ. ನಾನೂ ಸಿಕ್ಕಿಹಾಕಿಕೊಂಡಿದ್ದೇನೆ. ಒತ್ತುವುದಕ್ಕೆ ಗುಂಡಿ ಎಲ್ಲಿದೆಯೆಂದು ಗೊತ್ತಿಲ್ಲ ಅಷ್ಟೆ.

ಇವತ್ತು ಮೇಡಂ ಬಂದಿದ್ದರು. ಒಂಬತ್ತನೇ ವಯಸ್ಸಿನಲ್ಲಿ ನನ್ನ ಕೈಗೆ ವಯೊಲಿನ್ನಿನ ಕಮಾನು ಕೊಟ್ಟವರು. ಈಗ ನಮ್ಮ ವಾದ್ಯ ಬಳಗದ ಹಿರಿಯರು. ಹತ್ತು ಜನರ ಬಳಗ, ಹತ್ತು ಕುರ್ಚಿ. ದೊಡ್ಡ ಸಭಾಂಗಣ ನಮಗಲ್ಲ. ಗ್ರಂಥಾಲಯದ ಮೆಟ್ಟಿಲು, ಬಸ್ ನಿಲ್ದಾಣದ ಮೂಲೆ, ವೃದ್ಧರ ವಸತಿಯ ಊಟದ ಕೋಣೆ, ಜನ ಸುಮ್ಮನೆ ಕಾಯುತ್ತ ಕೂತಿರುವ ಯಾವ ಜಾಗವಾದರೂ ಸರಿ. ಮೇಡಂ ಹಾಕಿದ ನಿಯಮ ಎರಡೇ. ಕುರ್ಚಿ ಇರುವವರು ವರ್ಷಕ್ಕೊಬ್ಬ ಹೊಸಬರಿಗೆ ಕಲಿಸಿ ಕರೆತರಬೇಕು. ನುಡಿಸುವಾಗ ನಡುವೆ ಎದ್ದವರ ಕುರ್ಚಿ ಹೋಯಿತು.

"ಈ ವರ್ಷ ರಜೆ ತಗೊಳ್ತೀಯಾ?" ಎಂದು ಕೇಳಿದರು.

"ಬೇಡ ಮೇಡಂ."

"ಮುಖ ನೋಡ್ಕೊಂಡಿದ್ದೀಯಾ ಕನ್ನಡೀಲಿ?"

"ಕನ್ನಡಿಗೂ ಪುರಸೊತ್ತಿಲ್ಲ."

ಅವರು ನಗಲಿಲ್ಲ. ರಜೆ ಅಂದರೇನೆಂದು ನನಗೆ ಗೊತ್ತು. ಹೆರಿಗೆಗೆ ರಜೆ ಹಾಕಿದ, ವಯೊಲಾ ನುಡಿಸುತ್ತಿದ್ದ ಅಕ್ಕ ಇವತ್ತಿಗೂ ರಜೆಯಲ್ಲೇ ಇದ್ದಾಳೆ. ಅವಳ ಮಗ ಕಾಲೇಜಿಗೆ ಹೋಗುತ್ತಿದ್ದಾನೆ. ಎರಡನೇ ಸಾಲಿನ ಎಡತುದಿಯ ನನ್ನ ಕುರ್ಚಿಯ ಒಂದು ಕಾಲು ಗಿಡ್ಡ, ಕೆಳಗೆ ಮಡಿಸಿದ ಕಾಗದ ಇಡಬೇಕು. ಈ ಲೋಕದಲ್ಲಿ ನನ್ನ ಹಾಲು ಬೇಡದ ಜಾಗ ಅದೊಂದೇ. ಅದೂ ಹೋದರೆ ನಾನು ಯಾರು?

ಮಾರ್ಚ್ 30ಕ್ಕೆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನುಡಿಸುವುದು. ಅಷ್ಟರೊಳಗೆ ನನ್ನ ಶಿಷ್ಯೆ ಒಂದು ಚರಣ ನುಡಿಸುವಂತಾಗಬೇಕು. ಒಬ್ಬರನ್ನು ಕಳಿಸುತ್ತೇನೆಂದು ಹೇಳಿ ಮೇಡಂ ಹೋದರು.

ಫೆಬ್ರವರಿ 9, ಶುಕ್ರವಾರ

ಶಿಷ್ಯೆಗೆಂದು ಬಳಗದ ಕಪಾಟಿನಿಂದ ವಯೊಲಿನ್ ಬಂತು. ಸಣ್ಣ ಕೈಯವರಂತೆ, ಮೇಡಂ ಹುಡುಕಿ ಕಳಿಸಿದ್ದಾರೆ.

ಹೊಸಬರ ವಯೊಲಿನ್ನಿಗೆ ಬೆರಳು ಎಲ್ಲಿಡಬೇಕೆಂದು ತೋರಿಸಲು ಮೂರು ಸಣ್ಣ ಪಟ್ಟಿ ಅಂಟಿಸುತ್ತೇವೆ. ಒಂದೊಂದು ಸ್ವರವನ್ನೂ ನುಡಿಸಿ, ಕೇಳಿ, ಅಂಟಿಸಬೇಕು. ಆದರೆ ಮಗು ಆಗ ತಾನೇ ಮಲಗಿತ್ತು. ತಂತಿ ಮೀಟಿದರೆ ಏಳುತ್ತದೆ. ಎದ್ದರೆ ನನ್ನ ಕಥೆ ಮುಗಿಯಿತು. ಒಂದು ಉಪಾಯ ಹೊಳೆಯಿತು. ಕಾಗದದ ಚೂರೊಂದನ್ನು ಉದ್ದಕ್ಕೆ ಕತ್ತರಿಸಿ ನನ್ನ ವಯೊಲಿನ್ನಿನ ಮೇಲಿಟ್ಟೆ. ನನ್ನ ಬೆರಳು ಬೀಳುವ ಕಡೆ ಮೂರು ಗೆರೆ ಎಳೆದೆ. ಅದೇ ಅಳತೆಗೆ ಆ ವಯೊಲಿನ್ನಿನ ಮೇಲೆ ಪಟ್ಟಿ ಅಂಟಿಸಿದೆ. ಹತ್ತು ನಿಮಿಷ. ಒಂದು ಸದ್ದಿಲ್ಲ.

ಬಹಳ ದಿನಗಳ ಮೇಲೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆ ಕಾಗದದ ಚೂರೇ ಈಗ ಈ ಪುಸ್ತಕದ ಪುಟಗುರುತು.

ಫೆಬ್ರವರಿ 13, ಮಂಗಳವಾರ

ಬಂದರು. ಅರವತ್ತಮೂರು ವರ್ಷ! ಹುಡುಗಿ ಬರುತ್ತಾಳೆಂದು ನಾನು ಕಾಯುತ್ತಿದ್ದೆ. ಬಾಗಿಲಲ್ಲಿ ಕೊಡೆ, ಕೈಚೀಲ, ಕನ್ನಡಕ.

ಮೂವತ್ತೊಂದು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ ಕೆಲಸ. ಮುಂದೆ ಸಾಗಿ ಬರುವ ಕಪ್ಪುಬಸಿಗಳನ್ನು ಒಂದೊಂದಾಗಿ ಸಣ್ಣ ಕೋಲಿನಿಂದ ತಟ್ಟಿ, ಸೀಳು ಬಿಟ್ಟದ್ದನ್ನು ಪಕ್ಕಕ್ಕಿಡುವುದು. ಬಳಗದಲ್ಲಿ ಆಗಲೇ ಬಸಿಯಮ್ಮ ಎಂದು ಹೆಸರಿಟ್ಟಾಗಿದೆಯಂತೆ. ಅವರಿಗೂ ಬೇಸರವಿಲ್ಲ.

"ಈಗ ಯಾಕಮ್ಮಾ ವಯೊಲಿನ್ನು?" ಎಂದೆ.

"ಮೂವತ್ತೊಂದು ವರ್ಷ ಬರೀ ಸದ್ದು ಕೇಳಿದೆ ಟೀಚರ್. ಇನ್ನು ನಾನೂ ಒಂದಿಷ್ಟು ಸದ್ದು ಮಾಡೋಣ ಅಂತ. ನಮ್ಮೆಜಮಾನ್ರು ಇರೋವರ್ಗೂ ಬಿಡ್ಲಿಲ್ಲ. ಅವರದ್ದೇ ಸದ್ದು ಜಾಸ್ತಿ."

ನಗಬೇಕಿತ್ತು. ಆದರೆ ಆಗ ಒಳಗಿನಿಂದ ಅಳು ಕೇಳಿಸಿತು. ಓಡಿದೆ. ಮಗು ಬಾಯಿ ತೆರೆದು ಗಾಢ ನಿದ್ದೆಯಲ್ಲಿತ್ತು. ವಾಪಸು ಬಂದೆ. ಮತ್ತೆ ಕೇಳಿಸಿತು.

"ಅಳ್ತಿದೆ ಅಲ್ವಾ?"

"ಇಲ್ಲ ಟೀಚರ್. ಅದು ನಲ್ಲಿ. ಅಡುಗೆಮನೇದು, ಪೂರ್ತಿ ತಿರುಗಿಸಿಲ್ಲ ನೀವು."

ನಲ್ಲಿಯೇ.

ಮೊದಲ ಪಾಠ ಪರವಾಗಿಲ್ಲ. ಒಂದನೇ ಬೆರಳು ಪಟ್ಟಿಯ ಮೇಲೆ ಬೀಳುತ್ತದೆ. ಮೂರನೆಯದು ಮಾತ್ರ ಪಟ್ಟಿಗಿಂತ ಹಿಂದೆ, ತಂತಿ ಬಿಗಿಸುವ ಬಿರಡೆಯ ಕಡೆಗೆ ಸರಿಯುತ್ತದೆ. "ಪಟ್ಟಿ ಮೇಲೆ ಇಡಿ ಅಮ್ಮಾ" ಎಂದು ಎಷ್ಟು ಸಲ ಹೇಳಿದೆನೋ. ಇಡುತ್ತಾರೆ, ಕಮಾನು ಎಳೆಯುತ್ತಾರೆ, ಮುಖ ಹುಳಿ ಮಾಡುತ್ತಾರೆ, ಮತ್ತೆ ಬೆರಳು ಹಿಂದಕ್ಕೆ.

ಫೆಬ್ರವರಿ 14

ನಿದ್ದೆ ಇಲ್ಲ. ಬರೆಯುವುದಕ್ಕೂ ಏನೂ ಇಲ್ಲ.

ಫೆಬ್ರವರಿ 22, ಗುರುವಾರ

ಫ್ರಿಜ್ಜಿನಲ್ಲಿ ಅಳು. ಬಸ್ಸಿನ ಬ್ರೇಕಿನಲ್ಲಿ ಅಳು. ಬೆಳಗ್ಗೆ ಮುಖ ತೊಳೆಯುವಾಗ ನೀರಿನ ಒಳಗೆ ಅಳು. ಮಗುವನ್ನು ತೋಳಲ್ಲಿಟ್ಟುಕೊಂಡು, ಅದು ಮಲಗಿರುವುದನ್ನು ಕಣ್ಣಾರೆ ನೋಡುತ್ತಿರುವಾಗಲೂ ಪಕ್ಕದ ಕೋಣೆಯಿಂದ ಅದು ಅಳುವುದು ಕೇಳಿಸಿತು. ಇದನ್ನು ಯಾರಿಗೂ ಹೇಳಿಲ್ಲ. ಸ್ವರ ಗುರುತಿಸುವ ಕಿವಿ ನನ್ನದು, ಮೇಡಂ ಹತ್ತು ಮಕ್ಕಳ ಮುಂದೆ ನಿಲ್ಲಿಸಿ ಹೊಗಳಿದ ಕಿವಿ. ಅದೇ ಹೋಗಿಬಿಟ್ಟಿತೆ?

ಮಂಗಳವಾರ, ಗುರುವಾರ ಹತ್ತು ಗಂಟೆಗೆ ಬಸಿಯಮ್ಮ ಬರುತ್ತಾರಲ್ಲ, ಆ ಒಂದು ಗಂಟೆ ಸ್ವಲ್ಪ ಸಮಾಧಾನ. "ಅಳ್ತಿದೆಯಾ?" ಎಂದು ಕೇಳಬಹುದು. ಅವರು ಕಮಾನು ನಿಲ್ಲಿಸಿ, ತಲೆ ಒಂದಿಷ್ಟು ಓರೆ ಮಾಡಿ ಕೇಳಿ, "ಇಲ್ಲ ಟೀಚರ್" ಅನ್ನುತ್ತಾರೆ. ಒಂದು ಸಲ "ಹೂಂ, ಈಗ ಶುರು" ಅಂದರು. ನನಗೆ ಏನೂ ಕೇಳಿಸಿರಲಿಲ್ಲ. ಹೋಗಿ ನೋಡಿದರೆ ಆಗ ತಾನೇ ತುಟಿ ಸೊಟ್ಟ ಮಾಡುತ್ತಿತ್ತು. ಅವರು ಇಲ್ಲ ಅಂದರೆ ಇಲ್ಲ. ನನ್ನ ಕಿವಿಗಿಂತ ಅವರ ಕಿವಿಯನ್ನೇ ನಂಬುತ್ತೇನೆ.

ಪಾಠ ಮಾತ್ರ ಮುಂದೆ ಹೋಗುತ್ತಿಲ್ಲ. ಮೂರನೇ ಬೆರಳು ಹಿಂದಕ್ಕೇ. ಕೇಳಿದರೆ "ಬೆರಳು ಅಲ್ಲಿಗೆ ಹೋಗಲ್ಲ ಟೀಚರ್" ಅನ್ನುತ್ತಾರೆ. ವಯಸ್ಸಾದವರಿಗೆ ಕಲಿಸುವುದು ಇದಕ್ಕೇ ಕಷ್ಟ. ಕಣ್ಣೆದುರಿಗೆ ಬಿಳಿ ಪಟ್ಟಿ ಇದೆ, ಅದರ ಮೇಲೆ ಬೆರಳಿಡುವುದಕ್ಕೇನು ಧಾಡಿ? ಇವತ್ತು ನಾನೇ ಅವರ ಬೆರಳು ಹಿಡಿದು ಪಟ್ಟಿಯ ಮೇಲೆ ಒತ್ತಿದೆ. ಸ್ವಲ್ಪ ಜೋರಾಗಿಯೇ ಒತ್ತಿದೆನೇನೋ.

ಮಾರ್ಚ್ 1, ಶುಕ್ರವಾರ

ಮಗು ಮಲಗಿದಾಗ ನೀನೂ ಮಲಗು ಎಂದು ಅಮ್ಮ ಫೋನಿನಲ್ಲಿ ಹೇಳುತ್ತಾಳೆ. ನರ್ಸ್ ಹೇಳುತ್ತಾರೆ. ಮೂರನೇ ಮಹಡಿಯ ಅಂಕಲ್ ಕೂಡ ಹೇಳುತ್ತಾರೆ, ಅವರು ಎಷ್ಟು ಹೆತ್ತಿದ್ದಾರೋ. ಮಗು ಮಲಗಿದಾಗ ಮಲಗಬೇಕು, ಮಗು ಮಲಗಿದಾಗ ಬಟ್ಟೆ ಒಗೆಯಬೇಕು, ಮಗು ಮಲಗಿದಾಗ ತಿನ್ನಬೇಕು, ನುಡಿಸಬೇಕು, ತಲೆ ಬಾಚಬೇಕು. ಅದು ಮಲಗುವುದು ಇಪ್ಪತ್ತೇ ನಿಮಿಷ.

ಇವತ್ತು ಆ ಇಪ್ಪತ್ತರಲ್ಲಿ ವಯೊಲಿನ್ ತೆಗೆದೆ. ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು, ಸದ್ದು ತಗ್ಗಿಸುವ ರಬ್ಬರು ಸಿಕ್ಕಿಸಿ, ನಾಲ್ಕು ನಿಮಿಷ. ನುಡಿಸಿದೆ ಅನ್ನುವುದೂ ಸುಳ್ಳು. ಕೈ ಆಡುತ್ತಿತ್ತು, ನಾನು ಬಾಗಿಲಾಚೆಗೆ ಕಿವಿ ಕೊಟ್ಟಿದ್ದೆ. ರವಿಕೆ ಒದ್ದೆಯಾಗಿ ವಯೊಲಿನ್ನಿನ ಬೆನ್ನಿಗೆ ಹಾಲು ತಾಗಿತು. ಒರೆಸಿ ಇಟ್ಟೆ.

ಇವನು ಬಂದು, "ಇವತ್ತು ಹೇಗಿತ್ತು?" ಎಂದ.

"ಚೆನ್ನಾಗಿತ್ತು" ಎಂದೆ.

ಮಾರ್ಚ್ 5, ಮಂಗಳವಾರ

ಈ ಪುಟ ಹರಿಯಬೇಕು. ಬರೆದ ಮೇಲೆ ಹರಿಯುತ್ತೇನೆ.

ಬೆಳಗ್ಗೆ ಏಳರಿಂದ ಒಂದೇ ಸಮನೆ ಅಳು. ಹಾಲು, ಬಟ್ಟೆ, ಹೆಗಲು, ತೊಟ್ಟಿಲು, ಕಿಟಕಿ, ಮತ್ತೆ ಹಾಲು. ಒಂಬತ್ತೂವರೆಗೆ ಅದರ ಮುಖ ನೋಡಿದೆ. ಕೆಂಪು ಬಾಯಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಈ ಬಾಯಿಯ ಮೇಲೆ ಕೈಯಿಟ್ಟರೆ ಸುಮ್ಮನಾಗುತ್ತದಲ್ಲ ಅನ್ನಿಸಿತು. ಯಾರೋ ಪಕ್ಕದಲ್ಲಿ ನಿಂತು ಹೇಳಿದ ಹಾಗೆ, ಅಷ್ಟು ಸಲೀಸಾಗಿ.

ಕೈಯಿಡಲಿಲ್ಲ. ತೊಟ್ಟಿಲಲ್ಲಿ ಮಲಗಿಸಿದೆ, ಕೋಣೆಯ ಬಾಗಿಲು ಎಳೆದುಕೊಂಡೆ, ಮನೆಯ ಬಾಗಿಲು ಎಳೆದುಕೊಂಡೆ, ಮೆಟ್ಟಿಲ ಮೇಲೆ ಕೂತೆ. ಎರಡು ಬಾಗಿಲ ಆಚೆಯಿಂದಲೂ ಕೇಳಿಸುತ್ತಿತ್ತು. ಅಥವಾ ಕೇಳಿಸುತ್ತಿರಲಿಲ್ಲವೋ, ಯಾರಿಗೆ ಗೊತ್ತು. ಎಷ್ಟು ಹೊತ್ತು ಕೂತೆನೋ. ಕೆಳಗಿನಿಂದ ಕೊಡೆಯ ತುದಿ ಟಕ್ ಟಕ್ ಅನ್ನುತ್ತ ಮೇಲೆ ಬಂತು.

ಬಸಿಯಮ್ಮ ಏದುಸಿರು ಬಿಡುತ್ತ ನನ್ನ ಪಕ್ಕ ಕೂತರು.

"ಅಳ್ತಿದೆ ಟೀಚರ್."

"ನಿಜವಾಗ್ಲೂ?"

"ನಿಜವಾಗ್ಲೂ."

"ನಂಗೆ ಆಗಲ್ಲ ಅಮ್ಮಾ. ಒಳಗೆ ಹೋದ್ರೆ ನಾನೇನು ಮಾಡ್ತೀನೋ ನಂಗೇ ಗೊತ್ತಿಲ್ಲ."

"ಸರಿ, ಇಲ್ಲೇ ಇರಿ. ಮೆಟ್ಟಿಲು ತಣ್ಣಗಿದೆ" ಎಂದು ಕೊಡೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಅದು ಕಾಯಬೇಕಾದ ವಸ್ತುವೇನೋ ಎಂಬಂತೆ ನಾನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ನಿಂತ ಮೇಲೆ ನನಗೆ ಅಳು ಬಂತು.

ಪಾಠ ಆಗಲಿಲ್ಲ. ಹೊರಡುವಾಗ, "ಮನೆಯವರಿಗೆ ಹೇಳ್ತೀರೋ, ನಾನು ಹೇಳ್ಲೋ?" ಎಂದರು. ಸಂಜೆ ಇವನಿಗೆ ಹೇಳಿದೆ. ಕೈ ಬಾಯಿಯ ವಿಷಯವನ್ನೂ ಹೇಳಿದೆ. ಅವನು ಬೂಟು ಬಿಚ್ಚುತ್ತಿದ್ದವನು ಒಂದು ಬೂಟಿನಲ್ಲೇ ಕೂತುಬಿಟ್ಟ. ನಾಳೆ ಇಬ್ಬರೂ ಡಾಕ್ಟರ ಹತ್ತಿರ ಹೋಗುತ್ತೇವೆ.

ಮಾರ್ಚ್ 12, ಮಂಗಳವಾರ

ಪುಟ ಹರಿದಿಲ್ಲ. ಮರೆತುಹೋಯಿತು.

ಡಾಕ್ಟರು ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಬಂದು ಮಾತಾಡಬೇಕು ಅಂದರು, ಇಂಥ ಯೋಚನೆ ಬರುವ ತಾಯಂದಿರು ನೀವೊಬ್ಬರೇ ಅಲ್ಲ ಅಂದರು. ಇವನು ಒಂದು ವಾರ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡಿದ್ದಾನೆ. ನಿದ್ದೆ ಹಾಗೇ ಇದೆ, ಅಂದರೆ ಇಲ್ಲ.

ಬಸಿಯಮ್ಮ ಈಗ ಅರ್ಧ ಗಂಟೆ ಮುಂಚೆ ಬಂದು ಟೀ ಮಾಡುತ್ತಾರೆ. ಇವತ್ತು ಕಪಾಟಿನ ಕಪ್ಪುಗಳನ್ನೆಲ್ಲ ಬೆರಳಿನ ಗೆಣ್ಣಿನಲ್ಲಿ ತಟ್ಟಿ, ಒಂದನ್ನು ಪಕ್ಕಕ್ಕಿಟ್ಟರು. ತಿರುಗಿಸಿ ಮುರುಗಿಸಿ ನೋಡಿದೆ, ಚೆನ್ನಾಗಿಯೇ ಇತ್ತು.

"ಏನಾಗಿದೆ ಇದಕ್ಕೆ?"

"ಕಣ್ಣಿಗೆ ಕಾಣ್ಸಲ್ಲ ಟೀಚರ್, ಕೇಳ್ಸುತ್ತೆ. ಬಿಸಿ ಹಾಕಿದ್ರೆ ಒಂದಿನ ಕೈಯಲ್ಲೇ ಎರಡಾಗುತ್ತೆ. ಸಕ್ಕರೆ ಹಾಕಿಡಿ, ಇನ್ನೂ ಹತ್ತು ವರ್ಷ ಬರುತ್ತೆ."

ಒಂದು ಸಮಾಚಾರ: ಮೂರನೇ ಬೆರಳು ಕೊನೆಗೂ ಪಟ್ಟಿಯ ಮೇಲೆ! ಆರು ಸಲ ನುಡಿಸಿದರು, ಆರು ಸಲವೂ ಕರಾರುವಾಕ್ಕು. ನಾನೇ ಗೆದ್ದೆ. ಈಗ ಅವರು ನನ್ನ ಮುಖ ನೋಡುವುದನ್ನೂ ಬಿಟ್ಟಿದ್ದಾರೆ, ಪಟ್ಟಿಯನ್ನೇ ನೋಡುತ್ತ ನುಡಿಸುತ್ತಾರೆ. ಮುಖ ಹುಳಿ ಮಾಡುವುದೂ ನಿಂತಿದೆ.

ಮಾರ್ಚ್ 16, ಶನಿವಾರ

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಎಲ್ಲರೂ ಸೇರಿ ಅಭ್ಯಾಸ. ಮಗು ಇವನ ಹತ್ತಿರ, ಮನೆಯಲ್ಲಿ. ನಾಲ್ಕು ತಿಂಗಳ ಮೇಲೆ ನನ್ನ ಕುರ್ಚಿ. ಕಾಲಿನ ಕೆಳಗೆ ಕಾಗದ ಮಡಿಸಿಟ್ಟು ಕೂತಾಗ ಕಣ್ಣು ತುಂಬಿತು.

ಹೊಸಬರೆಲ್ಲ ಒಂದೊಂದು ಚರಣ ಒಬ್ಬೊಬ್ಬರೇ ನುಡಿಸಬೇಕು. ಕಲಿಸಿದವರು ಪಕ್ಕದಲ್ಲಿ ಮೆಲ್ಲಗೆ ಜೊತೆ ಕೊಡಬೇಕು. ಬಸಿಯಮ್ಮ ಎದ್ದು ನಿಂತರು. ಮೊದಲ ಬೆರಳು ಹಾಗೂ ಹೀಗೂ. ಮೂರನೆಯದು ಬಿದ್ದದ್ದೇ ಕೋಣೆಯ ಅರ್ಧ ಜನ ತಲೆಯೆತ್ತಿದರು. ಸ್ವರ ಏರಿದೆ. ಸ್ವಲ್ಪವಲ್ಲ, ಕತ್ತು ಹಿಸುಕುವಷ್ಟು ಏರಿದೆ. ನನ್ನ ವಯೊಲಿನ್ನಿನ ಪಕ್ಕದಲ್ಲಿ ಆ ಸ್ವರ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ ಕೇಳಿಸಿತು. ಮತ್ತೆ, ಮತ್ತೆ, ಚರಣ ಮುಗಿಯುವವರೆಗೂ. ಅವರು ಪಟ್ಟಿಯಿಂದ ಕಣ್ಣೆತ್ತಲಿಲ್ಲ.

ಮೇಡಂ ನನ್ನ ಕಡೆ ತಿರುಗಿದರು. "ಐದು ವಾರ ಕಲಿಸಿದ್ದಾ ಇದು?"

ನಾನು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ನಾನೇನ್ ಮಾಡ್ಲಿ ಮೇಡಂ, ದಿನಾ ಹೇಳ್ತೀನಿ. ಕೇಳಿದ್ರೆ ಬೆರಳು ಅಲ್ಲಿ ಹೋಗಲ್ಲ ಅಂತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಯಾರೋ ನಕ್ಕರು. ಮೇಡಂ ನಗದೆ, "ಪಾಪ, ಕೆಲವರಿಗೆ ಕಿವಿ ಇರಲ್ಲ. ಆ ದಿನ ಅವರು ಬೆರಳಿಡದೆ ಬರೀ ಖಾಲಿ ತಂತಿ ನುಡಿಸ್ಲಿ. ನಿನ್ನ ಕುರ್ಚಿ ವಿಷಯ ಆಮೇಲೆ ನೋಡೋಣ" ಎಂದರು. ದನಿ ತಗ್ಗಿಸಿಯೇ ಹೇಳಿದರು. ಆದರೆ ನಲ್ಲಿಯ ಹನಿ ಕೇಳಿಸುವವರಿಗೆ ಅದು ಕೇಳಿಸದೆ ಇರುತ್ತದೆಯೇ.

ಬಸಿಯಮ್ಮ ವಯೊಲಿನ್ನನ್ನು ಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ನನ್ನ ಕುರ್ಚಿಗೆ ಒರಗಿಸಿ ಹೋದರು. ಕೊಡೆ ಮರೆತು ಹೋದರು.

ಮಾರ್ಚ್ 17, ಭಾನುವಾರ

ಬೆಳಗ್ಗೆ ಇವನು ಅಂಗಡಿಗೆ ಹೋಗಿದ್ದ. ಮಗು ಮಂಚದ ಮೇಲೆ ಮಲಗಿತ್ತು. ಹಿಂತಿರುಗಿಸುವ ಮುಂಚೆ ಪಟ್ಟಿ ಕಿತ್ತು ಅಂಟು ಒರೆಸೋಣವೆಂದು ಬಸಿಯಮ್ಮನ ವಯೊಲಿನ್ ತೆಗೆದೆ. ಇಡಲು ಬೇರೆ ಜಾಗವಿಲ್ಲದೆ ಮಂಚದ ಮೇಲೆ ನನ್ನದರ ಪಕ್ಕ ಇಟ್ಟೆ.

ಗಿಡ್ಡ. ಅದು ಗಿಡ್ಡ. ನನ್ನದಕ್ಕಿಂತ ಒಂದು ಬೆರಳಗಲ ಗಿಡ್ಡ. ಸಣ್ಣ ಕೈಯವರಿಗೆಂದು ಮೇಡಂ ಹುಡುಕಿ ಕಳಿಸಿದ ಮುಕ್ಕಾಲು ಅಳತೆಯ ವಯೊಲಿನ್.

ಈ ಪುಸ್ತಕದಿಂದ ಕಾಗದದ ಚೂರನ್ನು ಎಳೆದು ಎರಡರ ಮೇಲೂ ಇಟ್ಟು ನೋಡಿದೆ. ತಂತಿ ಗಿಡ್ಡವಾದರೆ ಸ್ವರಗಳ ಜಾಗವೂ ಹತ್ತಿರ ಹತ್ತಿರ ಬರುತ್ತದೆ, ಮೊದಲ ವರ್ಷದ ಮಕ್ಕಳಿಗೂ ಗೊತ್ತು. ಮೊದಲ ಪಟ್ಟಿ ಕೂದಲೆಳೆಯಷ್ಟು ತಪ್ಪು, ಎರಡನೆಯದು ಅದಕ್ಕಿಂತ ಹೆಚ್ಚು, ಮೂರನೆಯದು ಎಲ್ಲೋ ಹೋಗಿ ಕೂತಿದೆ. ಮೂರನೇ ಬೆರಳನ್ನು ಅದೇ ಸ್ವರದ ಪಕ್ಕದ ಖಾಲಿ ತಂತಿಯ ಜೊತೆ ಹೋಲಿಸಿ ಕೇಳಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಒಂದೇ ನಿಮಿಷ. ಐದು ವಾರದಲ್ಲಿ ಒಂದು ಸಲವೂ ಕೇಳಲಿಲ್ಲ. ಬರೀ ನೋಡಿದೆ. ಬೆರಳು ಪಟ್ಟಿಯ ಮೇಲಿದೆಯೇ ಎಂದು ಕಣ್ಣಲ್ಲಿ ನೋಡಿದೆ, ಕಿವಿ ಎರಡನ್ನೂ ಪಕ್ಕದ ಕೋಣೆಗೆ ಕಳಿಸಿದ್ದೆ.

ಅವರು ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದದ್ದು ಸರಿಯಾದ ಸ್ವರಕ್ಕೆ. ಮೊದಲ ದಿನದಿಂದಲೂ. ನಾನು ಹಿಡಿದು ಒತ್ತಿ ಒತ್ತಿ ಅದನ್ನು ಬಿಡಿಸಿದೆ.

ನೆಲ ಡೊಂಕೇ ಇತ್ತು. ಡೊಂಕು ಮಾಡಿದವಳು ನಾನು.

ಮಾರ್ಚ್ 19, ಮಂಗಳವಾರ

ಮಗಳನ್ನು ಎದೆಗೆ ಕಟ್ಟಿಕೊಂಡು, ಒಂದು ಕೈಯಲ್ಲಿ ವಯೊಲಿನ್ ಪೆಟ್ಟಿಗೆ, ಇನ್ನೊಂದರಲ್ಲಿ ಅವರ ಕೊಡೆ ಹಿಡಿದು ಹೋದೆ. ಎರಡು ಬಸ್ಸು. ಎರಡನೆಯದರಲ್ಲಿ ಇವಳು ವಾಂತಿ ಮಾಡಿಕೊಂಡಳು. ಪಕ್ಕದವರು ಕರವಸ್ತ್ರ ಕೊಟ್ಟರು.

ಒಂದೇ ಕೋಣೆಯ ಮನೆ. ಗೋಡೆಯ ಉದ್ದಕ್ಕೂ ಹಲಗೆ, ಹಲಗೆಯ ತುಂಬ ಬೇರೆ ಬೇರೆ ಬಣ್ಣದ ಕಪ್ಪುಗಳು. ನನ್ನನ್ನು ನೋಡಿ ಬಸಿಯಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಕೊಡೆ ತಂದ್ರಾ, ಒಳ್ಳೇದಾಯ್ತು" ಎಂದರು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಎರಡು ವಯೊಲಿನ್ನಿನ ಅಳತೆ, ಕಾಗದದ ಚೂರು, ಮಗು ಮಲಗಿದ್ದದ್ದು, ಎಲ್ಲ ಹಿಂದೆಮುಂದೆಯಾಗಿ ಒದರಿದೆ. "ತಪ್ಪು ನಂದಮ್ಮಾ. ಎಲ್ಲರ ಮುಂದೆ ನಿಮ್ಮನ್ನ ಅಂದುಬಿಟ್ಟೆ."

"ಅಂದ್ರಿ" ಎಂದರು. ಪರವಾಗಿಲ್ಲ ಅನ್ನಲಿಲ್ಲ. ಹಾಲಿನ ಪಾತ್ರೆ ಒಲೆಯ ಮೇಲಿಟ್ಟರು. "ಮನೆಗೆ ಬಂದು ಎರಡು ದಿನ ಅತ್ತೆ. ಅರವತ್ತಮೂರಕ್ಕೆ ಕಿವಿ ಹೋಯ್ತು ಅಂತ. ಇಲ್ಲಿರೋ ಒಂದೊಂದು ಕಪ್ಪನ್ನೂ ತಟ್ಟಿ ನೋಡ್ದೆ, ನಿಜವಾಗ್ಲೂ ಹೋಗಿದ್ಯಾ ಅಂತ."

"ಸ್ವರ ತಪ್ಪು ಅಂತ ನಿಮಗೆ ಕೇಳಿಸ್ತಿತ್ತಾ?"

"ಕೇಳ್ಸದೇ ಇರುತ್ತಾ?"

"ಮತ್ತೆ ಹೇಳ್ಬೇಕಿತ್ತಲ್ಲಮ್ಮಾ!"

"ದಿನಾ ಹೇಳ್ದೆ. ಬೆರಳಲ್ಲಿ ಹೇಳ್ದೆ. ನೀವು ಹಿಡಿದು ಪಟ್ಟಿ ಮೇಲೆ ಒತ್ತಿದ್ರಿ. ಟೀಚರ್ ಅಂದ್ಮೇಲೆ ಗೊತ್ತಿರುತ್ತೆ, ವಯೊಲಿನ್ನಲ್ಲಿ ಹೀಗೇ ಇರ್ಬೇಕೇನೋ ಅಂದ್ಕೊಂಡೆ." ಹಾಲಿನ ಉರಿ ತಗ್ಗಿಸಿ, "ಆಮೇಲೆ ಆ ಮೆಟ್ಟಿಲ ಮೇಲೆ ಕೂತಿದ್ದವರ ಹತ್ರ ಹೋಗಿ ಮೂರನೇ ಬೆರಳಿಗೆ ಜಗಳ ತೆಗೀಲಾ?" ಎಂದರು.

ಇವಳು ಅಷ್ಟರಲ್ಲಿ ರಾಗ ತೆಗೆದಳು. ಬಸಿಯಮ್ಮ ಹಲಗೆಯಿಂದ ನೀಲಿ ಕಪ್ಪೊಂದನ್ನು ತೆಗೆದು, ಚಮಚದಲ್ಲಿ ಠಣ್ ಅನ್ನಿಸಿದರು. ಇವಳು ಬಾಯಿ ತೆರೆದಂತೆಯೇ ನಿಲ್ಲಿಸಿ ಆ ಕಡೆ ತಿರುಗಿದಳು. ಮತ್ತೆ ಅಳಲು ಶುರು ಮಾಡಿದಳು ಬಿಡಿ, ಆದರೆ ಆ ಒಂದು ಕ್ಷಣ ತಿರುಗಿದಳಲ್ಲ. ಕಣ್ಣು ಹುಡುಕುತ್ತಿತ್ತು.

ಮೂರು ಪಟ್ಟಿಯನ್ನೂ ಬಸಿಯಮ್ಮನೇ ಉಗುರಿನಲ್ಲಿ ಕಿತ್ತರು. ಹೊಸದು ಅಂಟಿಸುತ್ತೇನೆಂದೆ. ಬೇಡ ಅಂದರು.

ಮಾರ್ಚ್ 20

ಮೇಡಂಗೆ ಫೋನ್ ಮಾಡಿ ಹೇಳಿದೆ. "ಕೇಳದೇ ಅಂಟಿಸಿದ್ಯಾ? ನೀನು?" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಬಸಿಯಮ್ಮ ಚರಣವನ್ನೇ ನುಡಿಸಲಿ, ಆದರೆ ಆ ದಿನ ಅದು ಸರಿಯಾಗಿ ಬಂದರೆ ಮಾತ್ರ ನಿನ್ನ ಕುರ್ಚಿ ಅಂದರು.

ಮಾರ್ಚ್ 26, ಮಂಗಳವಾರ

ಇನ್ನು ನಾಲ್ಕೇ ದಿನ. ಪಟ್ಟಿ ಹೋಯಿತು, ಪಟ್ಟಿಯ ಅಭ್ಯಾಸ ಹೋಗಿಲ್ಲ. ಹತ್ತು ಸಲಕ್ಕೆ ಐದು ಸಲ ಬೆರಳು ಹಳೆಯ ಜಾಗಕ್ಕೇ ಹೋಗುತ್ತದೆ. ಈಗ ಅವರು ಮುಖ ಹುಳಿ ಮಾಡುತ್ತಾರೆ, ಸದ್ಯ. ಅವರು ಮಾಡಿದರೆ ನಾನೂ ಮಾಡುತ್ತೇನೆ. ಇಬ್ಬರೂ ಹುಣಸೆಕಾಯಿ ಕಚ್ಚಿದವರ ಹಾಗೆ ಎದುರುಬದುರು ಕೂತಿರುತ್ತೇವೆ.

ಇವಳು ಚಾಪೆಯ ಮೇಲೆ ನಮ್ಮಿಬ್ಬರ ಮಧ್ಯೆ ಮಲಗಿರುತ್ತಾಳೆ. ಬೇರೆ ಕೋಣೆಯಲ್ಲಿ ಮಲಗಿಸುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ.

ಆಗುವುದಿಲ್ಲ. ನಾಲ್ಕು ದಿನದಲ್ಲಿ ಆಗುವುದಿಲ್ಲ.

ಮಾರ್ಚ್ 30, ಶನಿವಾರ

ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಬೆಳಗ್ಗೆ ಹನ್ನೊಂದಕ್ಕೆ. ಕಬ್ಬಿಣದ ಬೆಂಚು, ಟೋಕನ್ ಹಿಡಿದ ಜನ, ನಿಮಿಷಕ್ಕೊಮ್ಮೆ ಮೇಲಿನ ಫಲಕದಲ್ಲಿ ನಂಬರು ಬದಲಾಗುವ ಟಿಂಗ್ ಸದ್ದು. ನಮ್ಮ ಹತ್ತು ಕುರ್ಚಿ ಔಷಧಿ ಕಿಟಕಿಯ ಪಕ್ಕ. ಇವನು ಇವಳನ್ನೆತ್ತಿಕೊಂಡು ಹಿಂದೆ, ಕುಡಿಯುವ ನೀರಿನ ಹತ್ತಿರ ನಿಂತಿದ್ದ. ಒಬ್ಬರು ಕೈಗೆ ಬ್ಯಾಂಡೇಜು ಸುತ್ತಿಕೊಂಡವರು, "ಚಪ್ಪಾಳೆ ಹೊಡೆಯೋಕಾಗಲ್ಲ, ಬೇಜಾರ್ ಮಾಡ್ಕೋಬೇಡಿ" ಎಂದು ಮೊದಲೇ ಹೇಳಿಬಿಟ್ಟರು.

ಬಸಿಯಮ್ಮನ ಸರದಿ ಬಂತು. ಅವರು ನಿಂತರು, ನಾನು ಪಕ್ಕದಲ್ಲಿ ಕೂತು ಜೊತೆ. ಮೊದಲ ಸಾಲು. ಮೂರನೇ ಬೆರಳು ಇನ್ನೂ ಬಂದಿರಲಿಲ್ಲ. ಆಗ ಅಳು ಕೇಳಿಸಿತು.

ಇದು ನಲ್ಲಿ, ಎಂದುಕೊಂಡೆ. ನೀರಿನ ಯಂತ್ರ. ಫಲಕ. ಏನೋ ಒಂದು. ಕಮಾನು ನಿಲ್ಲಿಸಲಿಲ್ಲ. ಮತ್ತೆ ಕೇಳಿಸಿತು. ತಲೆಯೆತ್ತಿ ಬಸಿಯಮ್ಮನನ್ನು ನೋಡಿದೆ. ಅವರು ನುಡಿಸುತ್ತಲೇ, ತಲೆ ಒಂದಿಷ್ಟು ಓರೆ ಮಾಡಿ, ನನ್ನ ಕಡೆಗೆ ಒಮ್ಮೆ ಹೂಂ ಎಂದು ಕತ್ತು ಆಡಿಸಿದರು.

ಎದ್ದದ್ದು ಯಾವಾಗ ಎಂದು ಗೊತ್ತಿಲ್ಲ. ವಯೊಲಿನ್ ಕುರ್ಚಿಯ ಮೇಲಿತ್ತು, ನಾನು ಬೆಂಚುಗಳ ನಡುವೆ ಇದ್ದೆ. ಇವನು, "ಬಾಟ್ಲಿ ಬಾಯಿಗೇ ಇಟ್ಕೊಳ್ತಿಲ್ಲ ಕಣೇ" ಎಂದ. ಇವಳನ್ನು ಎತ್ತಿಕೊಂಡು ಕಾರಿಡಾರಿಗೆ ಹೋದೆ. ಅಲ್ಲಿ ಸಾಲಾಗಿ ಮಡಿಸಿಟ್ಟ ಗಾಲಿಕುರ್ಚಿಗಳು. ಬಿಡಿಸಿದ್ದ ಒಂದರಲ್ಲಿ ಕೂತು ಎದೆಗೆ ಹಾಕಿಕೊಂಡೆ. ಕುಡಿಯಲಿಲ್ಲ, ಅಳುತ್ತಲೇ ಇದ್ದಳು. ಮುಷ್ಟಿ ನನ್ನ ಕುಪ್ಪಸ ಹಿಡಿದಿತ್ತು.

ಅಲ್ಲಿ ಒಳಗೆ ಬಸಿಯಮ್ಮ ಒಬ್ಬರೇ. ಜೊತೆಗೆ ಯಾರೂ ಇಲ್ಲ. ನಿಲ್ಲಿಸುತ್ತಾರೆ ಅಂದುಕೊಂಡೆ. ನಿಲ್ಲಿಸಲಿಲ್ಲ. ಕಮಾನು ನಡುಗುವುದು ಕೇಳಿಸಿತು. ಟಿಂಗ್ ಎಂದು ಯಾರದೋ ನಂಬರು ಬಂತು. ಇವಳು ನನ್ನ ಕಿವಿಯ ಬುಡದಲ್ಲೇ ಕಿರುಚುತ್ತಿದ್ದಳು. ಆ ಕಿರುಚಾಟದ ಆಚೆ, ಅದರಿಂದ ಒಂದಿಷ್ಟೂ ಮುಚ್ಚಿಹೋಗದೆ, ಮೂರನೇ ಬೆರಳು ಬಿತ್ತು.

ಸ್ವಲ್ಪ ಮೇಲೆ ಬಿತ್ತು. ಹಳೆಯ ಜಾಗಕ್ಕೆ. ಬಿದ್ದದ್ದೇ ಮೆಲ್ಲಗೆ ಹಿಂದಕ್ಕೆ ಸರಿಯಿತು. ಹಿಂದಕ್ಕೆ, ಇನ್ನೂ ಒಂದು ಕೂದಲೆಳೆ ಹಿಂದಕ್ಕೆ, ಅಲ್ಲಿ ನಿಂತಿತು. ಯಾರೂ ಒತ್ತಲಿಲ್ಲ. ಎರಡನೇ ಸಲ ನೇರ ಅಲ್ಲಿಗೇ ಬಂತು. ಮೂರನೇ ಸಲವೂ. ಇವಳ ಅಳು ಒಂದು ಕಿವಿಯಲ್ಲಿ, ಅದು ಇನ್ನೊಂದರಲ್ಲಿ, ಎರಡೂ ಪೂರ್ತಿ ಕೇಳಿಸುತ್ತಿದ್ದವು.

ಮುಗಿದ ಮೇಲೆ ಮೇಡಂ ನನ್ನ ವಯೊಲಿನ್ ತೆಗೆದುಕೊಂಡು ಕಾರಿಡಾರಿಗೆ ಬಂದರು. ಹಿಂದೆಯೇ ಬಸಿಯಮ್ಮ.

"ಎದ್ದೆ" ಎಂದರು ಮೇಡಂ.

"ಎದ್ದೆ ಮೇಡಂ."

"ನಿಯಮ ಗೊತ್ತಲ್ಲ."

"ಗೊತ್ತು."

ವಯೊಲಿನ್ನನ್ನು ಪಕ್ಕದ ಗಾಲಿಕುರ್ಚಿಯ ಮೇಲೆ ಮಲಗಿಸಿದರು. ಇವಳ ತಲೆ ನೇವರಿಸಿದರು. ಇವಳು ಅವರ ಬೆರಳು ಹಿಡಿದುಕೊಂಡಳು, ಬಿಡಿಸಿಕೊಳ್ಳಲು ಅವರಿಗೆ ಹೊತ್ತಾಯಿತು. "ಕುರ್ಚಿ ಖಾಲಿ ಇಡೋ ಹಾಗಿಲ್ಲ. ಇವರಿಗೆ ಕೊಟ್ಟಿದ್ದೀನಿ" ಎಂದು ಬಸಿಯಮ್ಮನ ಕಡೆ ತೋರಿಸಿ ಒಳಗೆ ಹೋದರು.

ನನ್ನ ಕುರ್ಚಿ. ಗಿಡ್ಡ ಕಾಲಿನದು. ಅಳಬೇಕೆಂದುಕೊಂಡೆ, ಬರಲಿಲ್ಲ. ಬಸಿಯಮ್ಮ ಕೈಚೀಲದಿಂದ ಕರವಸ್ತ್ರ ತೆಗೆದು ತಮ್ಮ ಅಂಗೈಯ ಬೆವರು ಒರೆಸಿಕೊಂಡರು.

"ಕೇಳ್ಸ್ತಾ ಟೀಚರ್?"

"ಕೇಳಿಸ್ತು."

"ಮೊದಲ್ನೇದು ಏರಿತ್ತು."

"ಏರಿತ್ತು. ಆಮೇಲೆ ಸರಿಹೋಯ್ತು."

"ಹೂಂ." ಗಾಲಿಕುರ್ಚಿಯ ಕೈ ಹಿಡಿದು ಬಗ್ಗಿದರು. "ನೋಡಿ, ಈಗ ನಂಗೊಂದು ತೊಂದರೆ ಬಂದಿದೆ. ಕುರ್ಚಿ ಇರೋರು ವರ್ಷಕ್ಕೊಬ್ಬರನ್ನ ಕಲಿಸಿ ಕರ್ಕೊಂಡು ಬರ್ಬೇಕಂತೆ. ಈ ವಯಸ್ಸಲ್ಲಿ ನಾನು ಯಾರನ್ನ ಹುಡುಕ್ಕೊಂಡು ಹೋಗ್ಲಿ? ಮಂಗಳವಾರ ಹತ್ತಕ್ಕೆ ನಮ್ಮನೆಗೆ ವಯೊಲಿನ್ ತಗೊಂಡು ಬನ್ನಿ. ಮಗೂನೂ ಕರ್ಕೊಂಡು ಬನ್ನಿ. ಕಿವಿ ಮಾತ್ರ ಎಲ್ಲೂ ಬಿಟ್ಟು ಬರ್ಬೇಡಿ."

ಇಷ್ಟು ಬರೆಯುವ ಹೊತ್ತಿಗೆ ಮಧ್ಯಾಹ್ನ ಮೂರಾಗಿದೆ. ಇವನು ಒರಗುಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದಾನೆ. ಆ ಕಾಗದದ ಚೂರು ಇನ್ನೂ ಈ ಪುಸ್ತಕದಲ್ಲೇ ಇದೆ, ಇರಲಿ.

ಅಳು ಕೇಳಿಸುತ್ತಿದೆ. ನಲ್ಲಿಯಲ್ಲ, ಅವಳೇ.